ಫೈಲು ಎಲ್ಲಿದೆ ಅಂತ ನೆನಪಿಡಬೇಡಿ, ಅದೇನು ಅಂತ ಬರೆದಿಡಿ

ಡಾಕ್ಟರ್ ಎದುರು ಅಪ್ಪ ಮತ್ತು ನಾನು ಕೂತಿದ್ದೆವು. "ಹಳೇ ರಿಪೋರ್ಟ್ ಇದ್ಯಾ? ಮೂರು ವರ್ಷದಲ್ಲಿ ಕ್ರಿಯಾಟಿನಿನ್ ಹೇಗೆ ಏರಿದೆ ಅಂತ ನೋಡಬೇಕಿತ್ತು" ಅಂದರು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಒಂದು ಅಂಶ ಅದು. ಇದೆ ಅಂದೆ. ನಿಜವಾಗಿಯೂ ಇತ್ತು. ಒಂದೊಂದು ರಿಪೋರ್ಟ್ ಬಂದಾಗಲೂ ಮರೆಯದೆ ಲ್ಯಾಪ್‌ಟಾಪಿಗೆ ಹಾಕಿ ಇಟ್ಟಿದ್ದೆ, ಆ ಲ್ಯಾಪ್‌ಟಾಪ್ ತೊಡೆಯ ಮೇಲೇ ಇತ್ತು. ಒಂದು ರಿಪೋರ್ಟ್ 'ಅಪ್ಪ' ಅನ್ನೋ ಫೋಲ್ಡರಿನಲ್ಲಿ ಸಿಕ್ಕಿತು. ಇನ್ನೊಂದು 'ವಿಮೆ 2021' ಒಳಗಿತ್ತು, ಆ ವರ್ಷ ಕ್ಲೇಮ್ ಹಾಕುವಾಗ ಬೇಕಾಗಿತ್ತಲ್ಲ, ಅದಕ್ಕೆ. ಉಳಿದವು ಸಿಗಲಿಲ್ಲ. ಬಾಗಿಲಾಚೆ ಮುಂದಿನವರು ಕಾಯುತ್ತಿದ್ದರು. "ಪರವಾಗಿಲ್ಲ, ಮುಂದಿನ ಸಲ ತನ್ನಿ" ಅಂತ ಹೇಳಿ ಡಾಕ್ಟರ್ ಚೀಟಿ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತು ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಎಲ್ಲ ಸಿಕ್ಕವು. ಆದರೆ ಕೇಳಿದವರ ಮುಂದೆ ಬೇಕಾದಾಗ ಇರಲಿಲ್ಲ.

ಆ ರಾತ್ರಿ ಕೂತು ಯೋಚಿಸಿದೆ. ಆ ರಿಪೋರ್ಟ್ ಅಪ್ಪನದು. ಅದು ರಕ್ತ ಪರೀಕ್ಷೆ. ಅದು 2021ರದ್ದು. ಅದು ವಿಮೆಗೆ ಕೊಟ್ಟ ದಾಖಲೆ. ನಾಲ್ಕೂ ನಿಜ. ಆದರೆ ಸೇವ್ ಮಾಡುವ ಹೊತ್ತಿಗೆ ಫೋಲ್ಡರು ನನ್ನಿಂದ ಒಂದೇ ಉತ್ತರ ಕೇಳುತ್ತದೆ: ಎಲ್ಲಿಡಲಿ? ಅವತ್ತು ಮನಸ್ಸಿನಲ್ಲಿ ವಿಮೆಯ ಕೆಲಸ ಇದ್ದರೆ 'ವಿಮೆ' ಅನ್ನುತ್ತೇನೆ. ಎರಡು ವರ್ಷ ಕಳೆದ ಮೇಲೆ ಡಾಕ್ಟರ್ ಎದುರು ಕೂತಾಗ ಮನಸ್ಸಿನಲ್ಲಿ ಬೇರೆಯೇ ಪ್ರಶ್ನೆ ಇರುತ್ತದೆ. ಇಡುವಾಗಿನ ನಾನು, ಹುಡುಕುವಾಗಿನ ನಾನು, ಇಬ್ಬರ ಪ್ರಶ್ನೆಯೂ ಒಂದೇ ಆಗಿರಬೇಕು ಅಂತ ಫೋಲ್ಡರು ಅಂದುಕೊಂಡಿದೆ. ಹಾಗಿರುವುದು ಅಪರೂಪ.

ಸ್ವಲ್ಪ ಲೆಕ್ಕ ಹಾಕೋಣ. ವ್ಯಕ್ತಿ, ಬಗೆ, ವರ್ಷ, ಬಳಕೆ ಅಂತ ನಾಲ್ಕು ವಿಷಯ ಇವೆ. ಮೊದಲು ವ್ಯಕ್ತಿ, ಅದರೊಳಗೆ ವರ್ಷ, ಅದರೊಳಗೆ ಬಗೆ ಅಂತ ಒಬ್ಬರು ಮಾಡಬಹುದು. ಮೊದಲು ವರ್ಷ, ಆಮೇಲೆ ಬಗೆ ಅಂತ ಇನ್ನೊಬ್ಬರು. ನಾಲ್ಕು ವಿಷಯಕ್ಕೆ ಇಂಥ 24 ಜೋಡಣೆಗಳು ಸಾಧ್ಯ. ಐದಾದರೆ 120. ನೀವು ಅವುಗಳಲ್ಲಿ ಒಂದನ್ನು ಆರಿಸುತ್ತೀರಿ, ಉಳಿದ ಪ್ರಶ್ನೆಗಳೆಲ್ಲ ಕಷ್ಟದವಾಗುತ್ತವೆ. ವರ್ಷವನ್ನು ಮೇಲಿಟ್ಟರೆ "2021ರ ಎಲ್ಲ ದಾಖಲೆ" ಅನ್ನೋದು ಒಂದು ಕ್ಲಿಕ್ಕಿನ ಕೆಲಸ, ಆದರೆ "ಅಪ್ಪನ ಎಲ್ಲ ರಕ್ತ ಪರೀಕ್ಷೆ" ಬೇಕಾದರೆ ಹತ್ತು ವರ್ಷದ ಹತ್ತು ಫೋಲ್ಡರಿನೊಳಗೂ ಇಳಿದು ಹತ್ತಬೇಕು. ವ್ಯಕ್ತಿಯನ್ನು ಮೇಲಿಟ್ಟರೆ ಇದು ತಿರುಗುಮುರುಗಾಗುತ್ತದೆ. ಸರಿಯಾದ ಜೋಡಣೆ ಒಂದು ಎಲ್ಲೋ ಇದೆ, ನಾವು ಇನ್ನೂ ಕಂಡುಹಿಡಿದಿಲ್ಲ ಅಂತ ವರ್ಷಗಟ್ಟಲೆ ಫೋಲ್ಡರುಗಳನ್ನು ಆ ಕಡೆ ಈ ಕಡೆ ಸರಿಸುವವರನ್ನು ನೋಡಿದ್ದೇನೆ. ಅಂಥದ್ದು ಇಲ್ಲ. ಫೋಲ್ಡರಿನ ಬದಲು ಫೈಲುಗಳ ವಿವರವನ್ನು ಡೇಟಾಬೇಸಿನಲ್ಲಿ, ಅಂದರೆ ಪ್ರಶ್ನೆ ಕೇಳಿ ಉತ್ತರ ಪಡೆಯುವಂತೆ ಜೋಡಿಸಿದ ಪಟ್ಟಿಗಳಲ್ಲಿ, ಬರೆದಿಡುವ ದಾರಿಯ ಬಗ್ಗೆ ಈ ಬರಹ.

ಪೆಟ್ಟಿಗೆ ಅಂತ ಅಂದುಕೊಂಡಿದ್ದು

ಒಂದರೊಳಗೊಂದು ಫೋಲ್ಡರ್ ಇಡುವ ಈ ಮರದಂಥ ಏರ್ಪಾಡು 1965ರಲ್ಲೇ ಬರಹದಲ್ಲಿತ್ತು. ಮಲ್ಟಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗಾಗಿ ಡೇಲಿ ಮತ್ತು ನ್ಯೂಮನ್ ಅನ್ನುವವರು ಅದನ್ನು ವಿವರಿಸಿದ್ದರು. ಅಲ್ಲಿಂದ ಯುನಿಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ಗೆ ಬಂತು. 1981ರಲ್ಲಿ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್ ಅದಕ್ಕೆ ಕಾಗದದ ಫೋಲ್ಡರಿನ ಚಿತ್ರ ಹಾಕಿ ಪರದೆಯ ಮೇಲೆ ಕೂರಿಸಿತು, 1984ರ ಮ್ಯಾಕಿಂಟೋಶ್ ಅದನ್ನು ಜನರ ಮನೆಗೆ ತಂದಿತು. ಕಾಗದದ ಹೋಲಿಕೆ ಕಂಪ್ಯೂಟರ್ ಹೊಸತಾಗಿದ್ದ ದಿನಗಳಲ್ಲಿ ಬಹಳ ಸಹಾಯ ಮಾಡಿದೆ. ಆದರೆ ಆ ಹೋಲಿಕೆಯ ಜೊತೆ ಕಾಗದದ ಒಂದು ಮಿತಿಯೂ ಒಳಗೆ ಬಂತು. ಕಾಗದದ ಹಾಳೆಗೆ ಮೈ ಇದೆ, ಅದು ಒಂದು ಸಲಕ್ಕೆ ಒಂದೇ ಕಪಾಟಿನಲ್ಲಿರಬಲ್ಲದು. ಡಿಸ್ಕಿನಲ್ಲಿರುವ ಫೈಲಿಗೆ ಆ ಕಟ್ಟುಪಾಡು ಇಲ್ಲ.

ನಿಜ ಹೇಳಬೇಕೆಂದರೆ ಫೋಲ್ಡರಿನೊಳಗೆ ಫೈಲು ಇರುವುದೇ ಇಲ್ಲ. ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳಲ್ಲಿ ಫೋಲ್ಡರ್ ಅಂದರೆ ಒಂದು ಸಣ್ಣ ಪಟ್ಟಿ. ಒಂದು ಕಡೆ ಹೆಸರು, ಇನ್ನೊಂದು ಕಡೆ ಒಂದು ನಂಬರು. ಆ ನಂಬರನ್ನು ಐನೋಡ್ ನಂಬರ್ ಅನ್ನುತ್ತಾರೆ. ಫೈಲಿನ ಗಾತ್ರ, ತಾರೀಖು, ಡಿಸ್ಕಿನ ಯಾವ ತುಂಡುಗಳಲ್ಲಿ ಅದರ ಮಾಹಿತಿ ಇದೆ ಅನ್ನೋದೆಲ್ಲ ಆ ನಂಬರಿನ ಹಿಂದೆ ಇರುತ್ತದೆ. ಫೈಲಿನ ಹೆಸರು ಮಾತ್ರ ಅಲ್ಲಿರುವುದಿಲ್ಲ, ಅದು ಪಟ್ಟಿಯಲ್ಲಿರುತ್ತದೆ. ಹಾಗಾಗಿ ಒಂದೇ ಫೈಲಿಗೆ ಎರಡು ಪಟ್ಟಿಗಳಲ್ಲಿ ಎರಡು ಹೆಸರು ಇರಬಹುದು, ಹಾರ್ಡ್ ಲಿಂಕ್ ಅಂತ ಅದಕ್ಕೆ ಹೆಸರು. ವಿಂಡೋಸ್ ಫೈಲು ಇಡಲು ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಮಾಸ್ಟರ್ ಫೈಲ್ ಟೇಬಲ್ ಅಂತ ಒಂದು ದೊಡ್ಡ ಟೇಬಲ್ಲೇ ಇದೆ, ಪ್ರತಿ ಫೈಲಿಗೂ ಅದರಲ್ಲಿ ದಾಖಲೆ. ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ಈಗಲೇ ಒಂದು ಡೇಟಾಬೇಸ್ ಇದೆ. ಅದು ಉತ್ತರಿಸುವ ಪ್ರಶ್ನೆಗಳು ಬಹಳ ಕಡಿಮೆ, ಅಷ್ಟೇ: ಈ ದಾರಿಯಲ್ಲಿ ಹೋದರೆ ಯಾವ ಫೈಲು, ಅದರ ಗಾತ್ರ ಎಷ್ಟು, ಯಾವಾಗ ಬದಲಾಯಿತು. ನಮಗೆ ಬೇಕಾಗಿರುವುದು ಇನ್ನಷ್ಟು ಪ್ರಶ್ನೆ ಕೇಳುವ ಅವಕಾಶ.

ಡೇಟಾಬೇಸ್ ಲೋಕ ಇದೇ ಜಗಳವನ್ನು ಐವತ್ತು ವರ್ಷ ಹಿಂದೆಯೇ ಆಡಿ ಮುಗಿಸಿದೆ, ನನಗೆ ಈ ಕಥೆ ತುಂಬಾ ಇಷ್ಟ. 1960ರ ದಶಕದಲ್ಲಿ ಐಬಿಎಂ ಕಂಪನಿ ಅಪೊಲೊ ಚಂದ್ರಯಾನದ ರಾಕೆಟ್ಟಿನ ಲಕ್ಷಾಂತರ ಬಿಡಿಭಾಗಗಳ ಲೆಕ್ಕ ಇಡಲು ಐಎಂಎಸ್ ಅನ್ನೋ ಡೇಟಾಬೇಸ್ ಕಟ್ಟಿತು. ಅದೂ ಮರದಂಥದ್ದೇ, ಒಂದರ ಕೆಳಗೊಂದು. 1970ರಲ್ಲಿ ಅದೇ ಕಂಪನಿಯ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದರು. ಬಿಡಿಭಾಗಗಳು, ಅವು ಬಳಕೆಯಾಗುವ ಪ್ರಾಜೆಕ್ಟುಗಳು, ಇಷ್ಟು ಸಣ್ಣ ವಿಷಯವನ್ನೇ ಐದು ಬಗೆಯ ಮರಗಳಾಗಿ ಜೋಡಿಸಬಹುದು ಅಂತ ತೋರಿಸಿ, ಒಂದು ಜೋಡಣೆಗೆ ಅಂತ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಕೆಟ್ಟು ನಿಲ್ಲುತ್ತದೆ ಅಂದರು. ಅವರ ಪರಿಹಾರ ಇಷ್ಟೇ: ಮಾಹಿತಿಯನ್ನು ಸಾದಾ ಟೇಬಲ್‌ಗಳಲ್ಲಿ ಇಡಿ, ದಾರಿ ಹೇಳಬೇಡಿ, ಏನು ಬೇಕು ಅಂತ ಹೇಳಿ. ಇವತ್ತಿನ ಬಹಳಷ್ಟು ಡೇಟಾಬೇಸ್‌ಗಳು ಆ ಯೋಚನೆಯ ಮೇಲೆ ನಿಂತಿವೆ. ನಮ್ಮ ಸ್ವಂತ ಫೈಲುಗಳು ಮಾತ್ರ ಇನ್ನೂ ಮರದಲ್ಲೇ ನೇತಾಡುತ್ತಿವೆ.

ಗ್ರಂಥಾಲಯದವರು ಇನ್ನೂ ಮುಂಚೆಯೇ ಇದನ್ನು ಕಂಡಿದ್ದರು. ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಪುಸ್ತಕವನ್ನು ಒಂದೇ ಕೊಂಬೆಗೆ ಕಟ್ಟದೆ ಅದರ ಬೇರೆ ಬೇರೆ ಮುಖಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಜೋಡಿಸುವ ದಾರಿ ಇದೆ. ಯಾವುದರ ಬಗ್ಗೆ, ಎಲ್ಲಿ, ಯಾವಾಗ, ಹೀಗೆ. ಪುಸ್ತಕಕ್ಕೂ ಮೈ ಇದೆ, ಕೊನೆಗೆ ಒಂದೇ ಕಡೆ ನಿಲ್ಲಲೇಬೇಕು. ಫೈಲಿಗೆ ಅದೂ ಬೇಡ.

ಒಂದೇ ರಿಪೋರ್ಟು, ಮೂರು ಟೇಬಲ್

ಈಗ ಹತ್ತಿರದಿಂದ ನೋಡೋಣ. ಡೇಟಾಬೇಸ್ ಅಂದಾಕ್ಷಣ ದೊಡ್ಡದೇನೋ ಅನಿಸುತ್ತದೆ. ನಮ್ಮ ಕೆಲಸಕ್ಕೆ ಮೂರು ಟೇಬಲ್ ಸಾಕು.

ಮೊದಲನೆಯದು 'ಫೈಲುಗಳು'. ಒಂದು ಫೈಲಿಗೆ ಒಂದು ಸಾಲು. ಅಪ್ಪನ ರಿಪೋರ್ಟಿಗೆ 417 ಅಂತ ನಂಬರ್ ಬಂತು ಅಂದುಕೊಳ್ಳಿ. ಆ ಸಾಲಿನಲ್ಲಿ ನಂಬರು, ಫೈಲು ಡಿಸ್ಕಿನಲ್ಲಿರುವ ಜಾಗ, ರಿಪೋರ್ಟಿನ ತಾರೀಖು 2021-03-14, ಇಷ್ಟಿದೆ. ಎರಡನೆಯದು 'ಟ್ಯಾಗ್‌ಗಳು', ಅಂದರೆ ಫೈಲಿಗೆ ಹಚ್ಚುವ ಗುರುತಿನ ಪದಗಳು. 1 ಅಂದರೆ ಅಪ್ಪ, 2 ಅಂದರೆ ರಕ್ತ ಪರೀಕ್ಷೆ, 3 ಅಂದರೆ ವಿಮೆ. ಮೂರನೆಯದನ್ನು ನಾನು 'ನಂಟು' ಅಂತ ಕರೆಯುತ್ತೇನೆ. ಅದರಲ್ಲಿ ಎರಡೇ ಕಾಲಂ, ಎರಡರಲ್ಲೂ ಬರೀ ನಂಬರು. 417ಕ್ಕೆ 1. 417ಕ್ಕೆ 2. 417ಕ್ಕೆ 3. ಮೂರು ಸಾಲು. ಇಡೀ ವಿಷಯದ ಗುಟ್ಟು ಈ ನಂಟಿನ ಟೇಬಲಿನಲ್ಲಿದೆ. ಒಂದು ಫೈಲಿಗೆ ಎಷ್ಟು ಟ್ಯಾಗ್ ಬೇಕಾದರೂ ಇರಬಹುದು, ಒಂದು ಟ್ಯಾಗಿಗೆ ಎಷ್ಟು ಫೈಲು ಬೇಕಾದರೂ ಸೇರಬಹುದು, ಮತ್ತೆ ಇಷ್ಟೆಲ್ಲ ಆದರೂ ರಿಪೋರ್ಟಿನ ಪ್ರತಿ ಒಂದೇ ಇರುತ್ತದೆ, ಡಿಸ್ಕಿನಲ್ಲಿ ಅದು ಒಂದಿಂಚೂ ಸರಿಯುವುದಿಲ್ಲ.

ಹುಡುಕುವಾಗ ನೀವು ಕೇಳುವುದು ಹೀಗೆ: ನಂಟು ಟೇಬಲಿನಲ್ಲಿ 1 ಮತ್ತು 2 ಎರಡರ ಜೊತೆಗೂ ಇರುವ ಫೈಲುಗಳನ್ನು ಕೊಡು, ಅವುಗಳಲ್ಲಿ 2020ರಿಂದ 2023ರವರೆಗಿನದನ್ನು ಉಳಿಸು, ತಾರೀಖಿನ ಪ್ರಕಾರ ಜೋಡಿಸು. ಮೊದಲು ವ್ಯಕ್ತಿಯೋ ಮೊದಲು ವರ್ಷವೋ ಅನ್ನೋ ಜಗಳವೇ ಇಲ್ಲಿಲ್ಲ. 24 ಜೋಡಣೆಗಳೂ ಏಕಕಾಲಕ್ಕೆ ಇವೆ.

ನಿಧಾನ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಡೇಟಾಬೇಸ್ ಪ್ರತಿ ಸಾಲನ್ನೂ ಓದುತ್ತಾ ಕೂರುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಇಂಡೆಕ್ಸ್ ಅಂತ ಒಂದನ್ನು ಕ್ರಮವಾಗಿ ಜೋಡಿಸಿ ಇಟ್ಟುಕೊಂಡಿರುತ್ತದೆ. ಜೋಡಿಸಿದ ಒಂದು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಪ್ರತಿ ಸಲ ಅರ್ಧ ಬಿಟ್ಟು ಅರ್ಧ ನೋಡುತ್ತಾ ಹೋದರೆ 17 ಹೆಜ್ಜೆ ಸಾಕು. ಹತ್ತು ಲಕ್ಷಕ್ಕೆ 20. ಫೈಲುಗಳು ಹತ್ತು ಪಟ್ಟಾದರೂ ಹೆಜ್ಜೆ ಮೂರೇ ಜಾಸ್ತಿ. ಜಾಗವೂ ಹೆಚ್ಚು ಬೇಡ. ಒಂದು ಫೈಲಿನ ವಿವರಕ್ಕೆ 100 ಬೈಟ್ ಹಿಡಿದರೆ ಲಕ್ಷ ಫೈಲಿಗೆ ಸುಮಾರು 10 ಎಂಬಿ ಆಯಿತು, ಫೋನಿನಲ್ಲಿ ತೆಗೆದ ನಾಲ್ಕೈದು ಫೋಟೋಗಳಷ್ಟು.

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು, ಯಾಕೆಂದರೆ ಟ್ಯಾಗ್ ಹಾಕಿದರೆ ಮುಗಿಯಿತು ಅಂತ ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಟ್ಯಾಗ್ ಅನ್ನೋದು ಹೌದು ಅಥವಾ ಇಲ್ಲ. ಇದು ವಿಮೆಗೆ ಕೊಟ್ಟಿದ್ದಾ, ಹೌದು. ಆದರೆ ತಾರೀಖು, ಮೊತ್ತ, ಅಳತೆ ಇವಕ್ಕೆ ಹೌದು-ಇಲ್ಲ ಸಾಲದು, ನಿಜವಾದ ಅಂಕಿಯೇ ಬೇಕು. '2021' ಅಂತ ಟ್ಯಾಗ್ ಹಾಕಿದರೆ "2020ರಿಂದ 2023ರ ನಡುವೆ" ಅಂತ ಕೇಳಲಾಗದು. ತಾರೀಖಿಗೆ ಅಂತಲೇ ಒಂದು ಕಾಲಂ ಇರಬೇಕು. ಅದೂ ಎರಡು ಇರಬೇಕು ಅನ್ನುತ್ತೇನೆ ನಾನು: ಫೈಲು ಹುಟ್ಟಿದ ತಾರೀಖು ಬೇರೆ, ಅದರಲ್ಲಿರುವ ವಿಷಯದ ತಾರೀಖು ಬೇರೆ. 1978ರ ಪತ್ರವನ್ನು 2023ರಲ್ಲಿ ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿಗೆ ಅದು 2023ರ ಫೈಲು. 1978 ಅನ್ನೋದು ನಿಮಗೆ ಮಾತ್ರ ಗೊತ್ತು. ನೀವು ಬರೆದಿಡದಿದ್ದರೆ ಅದು ಎಲ್ಲೂ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಡಾಕ್ಟರ್ ಕೇಳಿದ್ದು ರಿಪೋರ್ಟನ್ನಾ? ಅಲ್ಲ, ಅದರೊಳಗಿನ ಒಂದು ಅಂಕಿಯನ್ನು. ಆ ಅಂಕಿಗೆ ಒಂದು ಕಾಲಂ ಕೊಟ್ಟು 417ರ ಎದುರು 1.2 ಅಂತ ಬರೆದಿಟ್ಟರೆ ಯಾವ ಪಿಡಿಎಫ್ ಕೂಡ ತೆರೆಯದೆ ಉತ್ತರ ಸಿಗುತ್ತದೆ. ಫೋಲ್ಡರಿನಿಂದ ಇದು ಸಾಧ್ಯವೇ ಇಲ್ಲ. ಫೋಲ್ಡರಿಗೆ ಫೈಲು ಅಂದರೆ ಮುಚ್ಚಿದ ಲಕೋಟೆ.

ಇದನ್ನು ನೀವು ಈಗಾಗಲೇ ಬಳಸುತ್ತಿದ್ದೀರಿ

ಫೋನಿನ ಫೋಟೋ ಗ್ಯಾಲರಿ ನೋಡಿ. ಒಂದು ಫೋಟೋ 'ಪ್ರವಾಸ' ಆಲ್ಬಮ್ಮಿನಲ್ಲೂ ಇರುತ್ತದೆ, 'ಮೆಚ್ಚಿನವು' ಒಳಗೂ ಇರುತ್ತದೆ, ಮುಖ ಗುರುತಿಸಿ ಜೋಡಿಸಿದ ಕಡೆಯೂ ಇರುತ್ತದೆ, ಆದರೂ ಮೆಮೊರಿಯಲ್ಲಿ ಇರುವುದು ಒಂದೇ ಪ್ರತಿ. ಹಿಂದೆ ಕೆಲಸ ಮಾಡುತ್ತಿರುವುದು ಡೇಟಾಬೇಸ್. ಜಿಮೇಲ್ 2004ರಲ್ಲಿ ಬಂದಾಗ ಫೋಲ್ಡರ್ ಬಿಟ್ಟು ಲೇಬಲ್ ತಂದಿತು, ಒಂದು ಮೇಲ್‌ಗೆ ಎರಡು ಮೂರು ಲೇಬಲ್ ಹಚ್ಚುವುದು ಈಗ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಹಾಡುಗಳನ್ನು ಗಾಯಕರಿಂದ, ಆಲ್ಬಮ್‌ನಿಂದ, ವರ್ಷದಿಂದ ಹುಡುಕುತ್ತೇವೆ, ಆ ಹಾಡಿನ ಫೈಲು ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ.

ಇವುಗಳಲ್ಲಿ ಬಹಳಷ್ಟರ ಹಿಂದೆ ಎಸ್‌ಕ್ಯೂಲೈಟ್ ಅನ್ನೋ ಒಂದು ಪುಟ್ಟ ಡೇಟಾಬೇಸ್ ಇದೆ. ರಿಚರ್ಡ್ ಹಿಪ್ ಅನ್ನುವವರು 2000ದಲ್ಲಿ ಹೊರತಂದದ್ದು. ಬೇರೆ ಡೇಟಾಬೇಸ್‌ಗಳಂತೆ ಇದಕ್ಕೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಇಡೀ ಡೇಟಾಬೇಸ್ ಒಂದೇ ಫೈಲು, ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬಹುದು. ಆಂಡ್ರಾಯ್ಡ್ ಮತ್ತು ಐಫೋನ್ ಎರಡರೊಳಗೂ ಇದೆ. ಇ-ಪುಸ್ತಕ ಜೋಡಿಸುವ ಕ್ಯಾಲಿಬರ್, ಪ್ರಬಂಧಗಳನ್ನು ಜೋಡಿಸುವ ಜೊಟೇರೊ, ಫೋಟೋಗಳ ಲೈಟ್‌ರೂಮ್ ಕ್ಲಾಸಿಕ್ ಮತ್ತು ಡಿಜಿಕ್ಯಾಮ್, ಎಲ್ಲ ತಮ್ಮ ಪಟ್ಟಿಯನ್ನು ಇದರಲ್ಲೇ ಇಡುತ್ತವೆ. ದೀರ್ಘಕಾಲ ಉಳಿಸಲು ತಕ್ಕ ರೂಪಗಳ ಪಟ್ಟಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನೂ ಸೇರಿಸಿದೆ. 2050ರವರೆಗೆ ಇದನ್ನು ನೋಡಿಕೊಳ್ಳುವ ಉದ್ದೇಶ ಇದೆ ಅಂತ ಕಟ್ಟಿದವರೇ ಹೇಳಿದ್ದಾರೆ. ಇಂಥ ಮಾತು ನನಗೆ ಮುಖ್ಯ. ಅಪ್ಪನ ರಿಪೋರ್ಟನ್ನು ಮುಂದಿನ ವರ್ಷ ಮುಚ್ಚಿಹೋಗುವ ಆ್ಯಪಿನೊಳಗೆ ಇಡಲು ನನಗೆ ಮನಸ್ಸಿಲ್ಲ.

ಹಾಗಾದರೆ ಆಪರೇಟಿಂಗ್ ಸಿಸ್ಟಮ್ಮೇ ಇದನ್ನು ಯಾಕೆ ಮಾಡಬಾರದು? ಪ್ರಯತ್ನ ನಡೆದಿದೆ. 1990ರ ದಶಕದ ಬಿಓಎಸ್ ಅನ್ನೋ ಸಿಸ್ಟಮ್ಮಿನಲ್ಲಿ ಫೈಲಿಗೆ ಬೇಕಾದ ಗುಣಗಳನ್ನು ಅಂಟಿಸಿ ಅವುಗಳ ಮೇಲೆ ನೇರವಾಗಿ ಹುಡುಕಬಹುದಿತ್ತು. ಅಲ್ಲಿ ಒಂದೊಂದು ಮೇಲ್ ಒಂದೊಂದು ಫೈಲು, ಕಳಿಸಿದವರು, ವಿಷಯ ಎಲ್ಲ ಅದರ ಗುಣಗಳು, ಮೇಲ್‌ಗಳನ್ನು ಹುಡುಕಿ ಜೋಡಿಸಿ ನೋಡಲು ಫೋಲ್ಡರ್ ಕಿಟಕಿಯೇ ಸಾಕಾಗುತ್ತಿತ್ತು. ಸುಂದರ ಯೋಚನೆ. ಕಂಪನಿ ಉಳಿಯಲಿಲ್ಲ, ಆದರೆ ಆ ಕೆಲಸ ಈಗಲೂ ಹೈಕು ಅನ್ನೋ ಸಿಸ್ಟಮ್ಮಿನಲ್ಲಿ ಬದುಕಿದೆ. ಬಿಓಎಸ್‌ನ ಆ ಫೈಲ್ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಡಾಮಿನಿಕ್ ಜಾಂಪಾವ್ಲೊ ಆಮೇಲೆ ಆಪಲ್‌ಗೆ ಹೋಗಿ ಸ್ಪಾಟ್‌ಲೈಟ್ ಹುಡುಕಾಟದ ಮೇಲೆ ದುಡಿದರು, ಅದು 2005ರಲ್ಲಿ ಬಂತು. ಮೈಕ್ರೋಸಾಫ್ಟ್ 2003ರಲ್ಲಿ ವಿನ್‌ಎಫ್‌ಎಸ್ ಅಂತ ಘೋಷಿಸಿತು, ಡೇಟಾಬೇಸ್ ಮೇಲೆ ನಿಂತ ಫೈಲ್ ವ್ಯವಸ್ಥೆ ಅದು. 2006ರಲ್ಲಿ ಕೈಬಿಟ್ಟಿತು. ಎಲ್ಲ ಬಗೆಯ ಫೈಲಿಗೂ, ಎಲ್ಲ ಜನಕ್ಕೂ ಒಪ್ಪುವ ಒಂದೇ ವಿವರಪಟ್ಟಿ ಮಾಡುವುದು ನಿಜಕ್ಕೂ ಕಷ್ಟದ ಕೆಲಸ. ಫೋಟೋಕ್ಕೆ ಬೇಕಾದ ಕಾಲಂ ಬೇರೆ, ಕೋರ್ಟಿನ ಕಾಗದಕ್ಕೆ ಬೇಕಾದ ಕಾಲಂ ಬೇರೆ. ನಮ್ಮ ನಮ್ಮ ಫೈಲಿಗೆ ಏನು ಬೇಕು ಅನ್ನೋದು ನಮಗೇ ಚೆನ್ನಾಗಿ ಗೊತ್ತು, ಅದಕ್ಕೇ ಸಣ್ಣದಾಗಿ ನಾವೇ ಮಾಡಿಕೊಳ್ಳುವುದು ಒಳ್ಳೆಯದು ಅನ್ನುತ್ತೇನೆ.

ಎಲ್ಲಿ ಎಡವುತ್ತೇವೆ

ದೊಡ್ಡ ಅಪಾಯ ಒಂದೇ. ಡೇಟಾಬೇಸಿನಲ್ಲಿ ಫೈಲಿನ ಜಾಗ ಬರೆದಿದೆ. ನೀವು ಯಾವತ್ತೋ ಒಂದು ದಿನ ಆ ಫೈಲನ್ನು ಬೇರೆ ಕಡೆ ಸರಿಸಿದಿರಿ ಅಥವಾ ಹೆಸರು ಬದಲಿಸಿದಿರಿ. ಡೇಟಾಬೇಸಿಗೆ ಅದು ಗೊತ್ತಾಗುವುದಿಲ್ಲ. ಸಾಲು ಇದೆ, ಟ್ಯಾಗ್ ಇದೆ, ಫೈಲು ಮಾತ್ರ ಸಿಗುವುದಿಲ್ಲ. ಫೋಟೋ ತಂತ್ರಾಂಶಗಳಲ್ಲಿ ಚಿತ್ರದ ಮೇಲೆ ಎಚ್ಚರಿಕೆ ಗುರುತು ಬಂದು 'ಫೈಲು ಕಾಣುತ್ತಿಲ್ಲ' ಅಂದಿದ್ದನ್ನು ನೋಡಿರುತ್ತೀರಿ, ಅದು ಇದೇ.

ಇದಕ್ಕೆ ಎರಡು ಔಷಧ ಇವೆ. ಒಂದು, ಫೈಲಿನ ಬೆರಳಚ್ಚು. ಶಾ-256 ಅನ್ನೋ ಲೆಕ್ಕಾಚಾರಕ್ಕೆ ಯಾವ ಫೈಲು ಕೊಟ್ಟರೂ 64 ಅಕ್ಷರ-ಅಂಕಿಗಳ ಒಂದು ಸಾಲು ಕೊಡುತ್ತದೆ. ಹೆಸರು ಏನಿದ್ದರೂ, ಎಲ್ಲಿದ್ದರೂ, ಒಳಗಿರುವುದು ಅದೇ ಆದರೆ ಸಾಲೂ ಅದೇ. ಅದನ್ನು 'ಫೈಲುಗಳು' ಟೇಬಲಿನಲ್ಲಿ ಬರೆದಿಟ್ಟರೆ, ಕಳೆದುಹೋದ ಫೈಲನ್ನು ಇಡೀ ಡಿಸ್ಕಿನಲ್ಲಿ ಹುಡುಕಿ ಗುರುತು ಹಿಡಿಯಬಹುದು. ಜೊತೆಗೆ ಒಂದೇ ಫೈಲು ಎರಡೆರಡು ಕಡೆ ಇದ್ದರೂ ಗೊತ್ತಾಗುತ್ತದೆ. ಆದರೆ ಒಳಗೆ ಒಂದು ಚುಕ್ಕಿ ಬದಲಾದರೂ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ಹಾಗಾಗಿ ಸ್ಕ್ಯಾನ್, ಫೋಟೋ, ರಸೀದಿ ಇಂಥ ಮತ್ತೆ ಮುಟ್ಟದ ಫೈಲುಗಳಿಗೆ ಮಾತ್ರ ಇದು ಸರಿ. ಎರಡನೆಯ ಔಷಧ ಇನ್ನೂ ಸರಳ: ಫೈಲಿನ ಹೆಸರಿನಲ್ಲೇ ಆ ನಂಬರ್ ಇಡಿ. ನನ್ನ ರಿಪೋರ್ಟಿನ ಹೆಸರು ಈಗ '2021-03-14_0417_ರಕ್ತ-ಪರೀಕ್ಷೆ'. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಹೀಗಿಟ್ಟರೆ ಹೆಸರಿನ ಪ್ರಕಾರ ಜೋಡಿಸಿದಾಗ ತಾರೀಖಿನ ಕ್ರಮವೇ ಬರುತ್ತದೆ. ನಾಳೆ ಡೇಟಾಬೇಸ್ ಹಾಳಾದರೂ ಬರೀ ಹೆಸರಿನಿಂದ ಅರ್ಧ ಕೆಲಸ ನಡೆಯುತ್ತದೆ.

ಫೈಲನ್ನೇ ಡೇಟಾಬೇಸಿನೊಳಗೆ ಹಾಕಿಬಿಟ್ಟರೆ ಹೇಗೆ? ಆಗುತ್ತದೆ. 10 ಕೆಬಿ ಆಸುಪಾಸಿನ ಪುಟ್ಟ ತುಣುಕುಗಳನ್ನು ಬಿಡಿ ಫೈಲುಗಳಿಗಿಂತ ಸುಮಾರು 35% ವೇಗವಾಗಿ ಓದಬಹುದು ಅಂತ ಎಸ್‌ಕ್ಯೂಲೈಟ್‌ನವರೇ ಅಳೆದು ತೋರಿಸಿದ್ದಾರೆ. ಆದರೆ ದೊಡ್ಡ ಫೈಲುಗಳಿಗೆ ಡಿಸ್ಕೇ ವಾಸಿ, ಮತ್ತೆ ಒಳಗೆ ಹಾಕಿದ ಮೇಲೆ ಬೇರೆ ಯಾವ ತಂತ್ರಾಂಶಕ್ಕೂ ಆ ಫೈಲು ನೇರವಾಗಿ ಸಿಗುವುದಿಲ್ಲ. ನಾನಂತೂ ಫೈಲುಗಳನ್ನು ಡಿಸ್ಕಿನಲ್ಲೇ, ವರ್ಷಕ್ಕೊಂದು ಫೋಲ್ಡರ್ ಮಾಡಿ ಸುಮ್ನೆ ಬಿಟ್ಟಿದ್ದೇನೆ. ಅರ್ಥ ಎಲ್ಲ ಡೇಟಾಬೇಸಿನಲ್ಲಿ.

ಟ್ಯಾಗನ್ನು ಫೈಲಿನೊಳಗೇ ಬರೆಯುವ ದಾರಿಯೂ ಇದೆ. ಫೋಟೋದೊಳಗೆ ಎಕ್ಸಿಫ್ ಇರುತ್ತದೆ, ತೆಗೆದ ಹೊತ್ತು, ಕ್ಯಾಮೆರಾ, ಕೆಲವೊಮ್ಮೆ ಜಾಗವೂ ಅಲ್ಲಿರುತ್ತದೆ. ಹಾಡಿನೊಳಗೆ ಗಾಯಕರು, ಆಲ್ಬಮ್ ಇಂಥ ವಿವರ ಇಡುವ ಐಡಿ3 ಇರುತ್ತದೆ. ಇವು ಫೈಲಿನ ಜೊತೆಗೇ ಪ್ರಯಾಣ ಮಾಡುತ್ತವೆ, ಅದು ಒಳ್ಳೆಯದು. ಆಪರೇಟಿಂಗ್ ಸಿಸ್ಟಮ್ ಅಂಟಿಸುವ ಟ್ಯಾಗ್‌ಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಅವು ಫೈಲಿನ ಪಕ್ಕದಲ್ಲಿರುತ್ತವೆ, ಒಳಗಿರುವುದಿಲ್ಲ. ಮೇಲ್‌ನಲ್ಲಿ ಕಳಿಸಿದಾಗ, ಹಳೇ ಮಾದರಿಯ ಪೆನ್‌ಡ್ರೈವಿಗೆ ಹಾಕಿದಾಗ ಸದ್ದಿಲ್ಲದೆ ಉದುರಿಹೋಗಬಹುದು.

ಇನ್ನೊಂದು ತೊಂದರೆ ಕನ್ನಡದಲ್ಲಿ ಟ್ಯಾಗ್ ಹಾಕುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಒಂದು ದಿನ 'ವಿಮೆ' ಅಂತ ಬರೆದಿರುತ್ತೇವೆ, ಇನ್ನೊಂದು ದಿನ 'ಇನ್ಶೂರೆನ್ಸ್', ಮತ್ತೊಂದು ದಿನ 'ಇನ್ಷೂರೆನ್ಸ್'. ನಮಗೆ ಮೂರೂ ಒಂದೇ, ಡೇಟಾಬೇಸಿಗೆ ಮೂರು ಬೇರೆ. ಇದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದೂ ಇದೆ. 'ರಿಪೋರ್ಟ್‌ಗಳು' ಅಂತ ಬರೆಯುವಾಗ ಟಕಾರಕ್ಕೆ ಗಕಾರ ಒತ್ತಾಗದಿರಲಿ ಅಂತ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಕೆಲವು ಕೀಬೋರ್ಡುಗಳು ಅದನ್ನು ಪದದ ಕೊನೆಯಲ್ಲೂ ಬಿಟ್ಟುಬಿಡುತ್ತವೆ. ಆಗ 'ರಿಪೋರ್ಟ್' ಮತ್ತು 'ರಿಪೋರ್ಟ್' ಪರದೆಯ ಮೇಲೆ ಅವಳಿ-ಜವಳಿ, ಒಳಗೆ ಬೇರೆ ಬೇರೆ. 'ಕೊ' ಅನ್ನೋದರ ಒತ್ವವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ನಂಬರ್ ಕೊಡುವ ಯುನಿಕೋಡ್ ಪದ್ಧತಿಯಲ್ಲಿ, ಒಂದೇ ಗುರುತಾಗಿಯೂ ಬರೆಯಬಹುದು, ಎರಡು ಗುರುತು ಜೋಡಿಸಿಯೂ ಬರೆಯಬಹುದು. ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಇದಕ್ಕೆ ಪರಿಹಾರ ಏನೆಂದರೆ ಟ್ಯಾಗನ್ನು ಪ್ರತಿ ಸಲ ಟೈಪ್ ಮಾಡಲೇಬೇಡಿ. ಪಟ್ಟಿಯಿಂದ ಆರಿಸಿ. ನಂಟು ಟೇಬಲಿನಲ್ಲಿ ಹೆಸರಿಲ್ಲದೆ ಬರೀ ನಂಬರ್ ಇಟ್ಟಿದ್ದರ ಇನ್ನೊಂದು ಲಾಭ ಇದೇ. 3 ಅನ್ನೋದರ ಹೆಸರನ್ನು ಒಂದು ಕಡೆ ತಿದ್ದಿದರೆ ಸಾವಿರ ಫೈಲಿಗೂ ತಿದ್ದಿದಂತೆ.

ಫೋಲ್ಡರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪ್ರೋಗ್ರಾಂ ಬರೆಯುವವರ ಫೈಲುಗಳು ಒಂದನ್ನೊಂದು ದಾರಿಯ ಹೆಸರಿನಿಂದಲೇ ಕರೆಯುತ್ತವೆ, ಅಲ್ಲಿ ಫೋಲ್ಡರ್ ತೆಗೆದರೆ ಕೆಲಸವೇ ನಿಲ್ಲುತ್ತದೆ. ಈ ವಾರ ಮುಗಿಯುವ ಕೆಲಸಕ್ಕೆ ಒಂದು ಫೋಲ್ಡರ್ ಮಾಡಿ ಎಲ್ಲ ಅದರಲ್ಲಿ ಹಾಕುವುದೇ ಸುಲಭ. ಓಫರ್ ಬರ್ಗ್‌ಮನ್ ಅನ್ನೋ ಸಂಶೋಧಕರು ತಮ್ಮ ಜೊತೆಗಾರರೊಂದಿಗೆ ವರ್ಷಗಳ ಕಾಲ ಇದನ್ನೇ ಅಧ್ಯಯನ ಮಾಡಿದ್ದಾರೆ. ಒಳ್ಳೆಯ ಹುಡುಕಾಟದ ಸೌಲಭ್ಯ ಇದ್ದರೂ ಜನ ತಮ್ಮ ಸ್ವಂತ ಫೈಲಿಗೆ ಫೋಲ್ಡರಿನಿಂದ ಫೋಲ್ಡರಿಗೆ ನಡೆದುಕೊಂಡು ಹೋಗುವುದನ್ನೇ ಇಷ್ಟಪಡುತ್ತಾರೆ ಅಂತ ಅವರಿಗೆ ಕಂಡುಬಂತು. ಅದು ನನಗೂ ಅರ್ಥವಾಗುತ್ತದೆ. ಜಾಗದ ನೆನಪು ಗಟ್ಟಿ. ಆದರೆ ಡೇಟಾಬೇಸ್ ಇದ್ದರೂ ನಡೆಯಬಹುದು: ಒಂದು ಹುಡುಕಾಟವನ್ನೇ ಉಳಿಸಿಟ್ಟು ಅದನ್ನು ಫೋಲ್ಡರಿನ ಹಾಗೆ ತೋರಿಸಬಹುದು. ಮ್ಯಾಕ್‌ನಲ್ಲಿ ಸ್ಮಾರ್ಟ್ ಫೋಲ್ಡರ್ ಅನ್ನುವುದು ಇದನ್ನೇ. ಒಳಗೆ ಫೈಲು ಇಲ್ಲ, ಪ್ರಶ್ನೆ ಇದೆ. ಹೊಸ ರಿಪೋರ್ಟ್ ಬಂದ ಕೂಡಲೇ ತಾನಾಗಿ ಅಲ್ಲಿ ಕಾಣುತ್ತದೆ.

ಶುರು ಮಾಡುವುದು ಎಲ್ಲಿಂದ

ಇಡೀ ಡಿಸ್ಕಿಗೆ ಟ್ಯಾಗ್ ಹಾಕಲು ಹೋಗಬೇಡಿ, ಮೂರನೇ ದಿನಕ್ಕೆ ಕೈ ಸೋಲುತ್ತದೆ. ಹುಡುಕಿ ಹುಡುಕಿ ಬೇಸತ್ತ ಒಂದೇ ಬಗೆಯ ಫೈಲು ಆರಿಸಿಕೊಳ್ಳಿ. ಆರೋಗ್ಯದ ರಿಪೋರ್ಟ್ ಇರಬಹುದು, ಮನೆಯ ಕಾಗದಪತ್ರ ಇರಬಹುದು, ಹಳೇ ಫೋಟೋ ಇರಬಹುದು. ಫೋಟೋ ಆದರೆ ಡಿಜಿಕ್ಯಾಮ್, ಪುಸ್ತಕ ಆದರೆ ಕ್ಯಾಲಿಬರ್, ಪ್ರಬಂಧ ಆದರೆ ಜೊಟೇರೊ ಇವೆ, ಎಲ್ಲವೂ ಉಚಿತ. ಉಳಿದದ್ದಕ್ಕೆ ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಅನ್ನೋ ಉಚಿತ ತಂತ್ರಾಂಶದಲ್ಲಿ ಮೇಲಿನ ಮೂರು ಟೇಬಲ್ ಮಾಡಿಕೊಳ್ಳಬಹುದು. ಅದೂ ಜಾಸ್ತಿ ಅನಿಸಿದರೆ ಒಂದು ಸ್ಪ್ರೆಡ್‌ಶೀಟ್ ತೆರೆದು ಫೈಲಿಗೊಂದು ಸಾಲು ಬರೆಯಿರಿ, ಮೊದಲ ನೂರು ಫೈಲಿಗೆ ಧಾರಾಳ ಸಾಕು. ಒಂದೇ ಚೌಕದಲ್ಲಿ 'ಅಪ್ಪ, ವಿಮೆ, ರಕ್ತ' ಅಂತ ಅಲ್ಪವಿರಾಮ ಹಾಕಿ ತುರುಕಲು ಶುರು ಮಾಡಿದ ದಿನ ನಿಮಗೆ ನಂಟಿನ ಟೇಬಲ್ ಬೇಕಾಗಿದೆ ಅಂತ ತಿಳಿಯಿರಿ.

ಕಾಲಂ ಎಷ್ಟು ಬೇಕು? ನಿಮಗೆ ಈವರೆಗೆ ನಿಜವಾಗಿ ಎದುರಾದ ಪ್ರಶ್ನೆಗಳನ್ನು ಮಾತ್ರ ನೋಡಿ. ಮುಂದೆ ಯಾವತ್ತಾದರೂ ಬೇಕಾಗಬಹುದು ಅಂತ ಹದಿನೈದು ಕಾಲಂ ಮಾಡಿದರೆ ಹದಿನಾಲ್ಕು ಖಾಲಿ ಉಳಿಯುತ್ತವೆ. ಕಂಪ್ಯೂಟರಿಗೆ ತಾನಾಗಿ ಗೊತ್ತಾಗುವುದನ್ನು, ಗಾತ್ರ, ಬಗೆ, ಫೋಟೋ ತೆಗೆದ ಹೊತ್ತು, ಇವನ್ನು ಕೈಯಿಂದ ಬರೆಯಬೇಡಿ. ಸ್ಕ್ಯಾನ್ ಮಾಡಿದ ಪುಟದಲ್ಲಿರುವ ಅಕ್ಷರಗಳನ್ನು ಓದಿಸಲು ಟೆಸರಾಕ್ಟ್ ಅನ್ನೋ ತಂತ್ರಾಂಶ ಇದೆ, ಅದಕ್ಕೆ ಕನ್ನಡವೂ ಬರುತ್ತದೆ. ತಪ್ಪು ಇರುತ್ತವೆ, ಹುಡುಕಾಟಕ್ಕೆ ಸಾಕು. ನಿಮ್ಮ ಶ್ರಮ ಏನಿದ್ದರೂ ನಿಮಗೆ ಮಾತ್ರ ಗೊತ್ತಿರುವುದರ ಮೇಲಿರಲಿ.

ಬ್ಯಾಕಪ್ ತೆಗೆಯುವಾಗ ಫೈಲುಗಳನ್ನೂ ಡೇಟಾಬೇಸನ್ನೂ ಒಂದೇ ಹೊತ್ತಿಗೆ ತೆಗೆಯಿರಿ. ಡೇಟಾಬೇಸ್ ತೆರೆದಿರುವಾಗ, ಏನೋ ಬರೆಯುತ್ತಿರುವಾಗ, ಅದನ್ನು ನಕಲು ಮಾಡಬೇಡಿ. ಕ್ಲೌಡಿಗೆ ತಾನಾಗಿ ಸಿಂಕ್ ಆಗುವ ಫೋಲ್ಡರಿನಲ್ಲಿ ಇಟ್ಟು ಎರಡು ಕಂಪ್ಯೂಟರಿನಿಂದ ತೆರೆಯಬೇಡಿ, ಕೆಟ್ಟುಹೋಗುವ ಸಾಧ್ಯತೆ ನಿಜವಾಗಿಯೂ ಇದೆ. ತಿಂಗಳಿಗೊಮ್ಮೆ ಟೇಬಲ್‌ಗಳನ್ನು ಸಿಎಸ್‌ವಿ ರೂಪದಲ್ಲಿ ಹೊರಗೆ ತೆಗೆದಿಡಿ. ಅದು ಬರೀ ಅಕ್ಷರಗಳ ಫೈಲು, ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ.

ಆರು ತಿಂಗಳ ಮೇಲೆ ಅಪ್ಪನನ್ನು ಮತ್ತೆ ಅದೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಕೇಳುವ ಮುಂಚೆಯೇ ಲ್ಯಾಪ್‌ಟಾಪ್ ತಿರುಗಿಸಿ ಐದು ಸಾಲು ತೋರಿಸಿದೆ. ತಾರೀಖು, ಅಂಕಿ, ತಾರೀಖು, ಅಂಕಿ. 1.1, 1.2, 1.2, 1.4, 1.5. ಅವರು ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೂರನೇ ಸಾಲಿಗೂ ನಾಲ್ಕನೇ ಸಾಲಿಗೂ ನಡುವೆ ಬೆರಳಿಟ್ಟು, "ಇಲ್ಲಿ ಮಾತ್ರೆ ಏನಾದರೂ ಬದಲಾಗಿತ್ತಾ?" ಅಂತ ಕೇಳಿದರು. ಅದು ನನ್ನ ಟೇಬಲಿನಲ್ಲಿ ಇರಲಿಲ್ಲ. ಅಪ್ಪನಿಗೆ ನೆನಪಿತ್ತು, ನೋವಿನ ಮಾತ್ರೆ ಒಂದನ್ನು ಆಗ ಶುರು ಮಾಡಿದ್ದರು. ಮನೆಗೆ ಬಂದ ಮೇಲೆ 'ಆಗ ತಗೊಳ್ತಿದ್ದ ಔಷಧ' ಅಂತ ಒಂದು ಹೊಸ ಕಾಲಂ ಸೇರಿಸಿದೆ, ಅಪ್ಪ ಪಕ್ಕದಲ್ಲಿ ಕೂತು ಹಳೇ ಚೀಟಿಗಳನ್ನು ಒಂದೊಂದಾಗಿ ಓದಿ ಹೇಳಿದರು, ನಾನು ತುಂಬುತ್ತಾ ಹೋದೆ. ಒಂದು ಫೈಲನ್ನೂ ಸರಿಸಬೇಕಾಗಲಿಲ್ಲ.